ಅವರದು ಪಾಲಿಟಿಕ್ಸು, ನಮ್ಮದು ಕಷ್ಟಸುಖ

ನಮ್ಮ ಪಿರಿಯಾಪಟ್ಟಣದ ಕಡೆ ರಾಜಕೀಯ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯಿತಿ ಎಲೆಕ್ಷನ್ನು, ಹಾಲಿನ ಡೈರಿಯ ಎಲೆಕ್ಷನ್ನು, ಸೊಸೈಟಿಯ ಎಲೆಕ್ಷನ್ನು ಎಂದು ಒಂದಲ್ಲ ಒಂದು ಇದ್ದೇ ಇರುತ್ತದೆ. ಮಾಡುವವರು ಕೈಮುಗಿದುಕೊಂಡು ಮನೆಬಾಗಿಲಿಗೇ ಬರುತ್ತಾರೆ. ಗೆದ್ದರೆ ಪಟಾಕಿ ಹೊಡೆಯುತ್ತಾರೆ, ಸೋತರೆ ಮೂರು ದಿನ ಮುಖ ತೋರಿಸುವುದಿಲ್ಲ. ಎಲ್ಲವೂ ಬಯಲಿನಲ್ಲಿ. ಆದರೆ ‘ಪಾಲಿಟಿಕ್ಸು’ ಎಂಬ ಮಾತಿನ ಜಾತಕವೇ ಬೇರೆ. ಅದು ನಾಲ್ಕು ಗೋಡೆಗಳ ಒಳಗೆ, ಫ್ಯಾನಿನ ಕೆಳಗೆ ನಡೆಯುವ ವ್ಯವಹಾರ. ಶಾಲೆಯ ಸ್ಟಾಫ್‌ರೂಮಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ಮಹಿಳಾ ಸಮಾಜದಲ್ಲಿ ಕೂಡ ಆ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ‘ಅವರು ಪಾಲಿಟಿಕ್ಸ್ ಮಾಡಿದರು’ ಎಂದವರನ್ನು ನೂರಾರು ಜನರನ್ನು ಕಂಡಿದ್ದೇನೆ. ‘ನಾನು ಮಾಡಿದೆ’ ಎಂದ ಒಬ್ಬರನ್ನೂ ಕಂಡಿಲ್ಲ. ತಾನು ಹೆಡ್‌ಮಾಸ್ಟರ ಹತ್ತಿರ ಹೋಗಿ ಬಂದರೆ ಅದು ಕಷ್ಟಸುಖ ಹೇಳಿಕೊಂಡದ್ದು. ಪಕ್ಕದವಳು ಹೋಗಿ ಬಂದರೆ ಪಾಲಿಟಿಕ್ಸು.

ಈ ವಿಷಯವನ್ನು ಕೂತು ಯೋಚಿಸುವ ಹಾಗೆ ಮಾಡಿದವಳು ನಮ್ಮಣ್ಣನ ಮಗಳು. ಎಂಬಿಎ ಓದುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳ ಗೈಡು ಕೊಟ್ಟ ವಿಷಯ, ವಿಶ್ವವಿದ್ಯಾಲಯದ ನೌಕರರು ತಮ್ಮ ಕಚೇರಿಯ ರಾಜಕೀಯವನ್ನು ಹೇಗೆ ಕಾಣುತ್ತಾರೆ ಎಂಬುದು. ಅವಳ ಚಿಕ್ಕತ್ತೆ, ಅಂದರೆ ನನ್ನ ತಂಗಿ, ಒಂದು ವಿಶ್ವವಿದ್ಯಾಲಯದಲ್ಲಿ ಪ್ರಥಮ ದರ್ಜೆ ಸಹಾಯಕಿ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ತಂಗಿಗೆ ಇನ್ನೂ ಸರ್ವೀಸ್ ಇದೆ. ಹುಡುಗಿಗೆ ಒಳಗೆ ಹೋಗಲು ಒಂದು ಬಾಗಿಲು ಸಿಕ್ಕಿದ ಹಾಗಾಯಿತು. ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳನ್ನು ತಾನೇ ಕನ್ನಡಕ್ಕೆ ಇಳಿಸಿಕೊಂಡು, ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಹಂಚಿದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಸಂಸ್ಥೆಯಲ್ಲಿನ ರಾಜಕೀಯ’ ಎಂದು ಹಾಕಿದ್ದಳು. ಮೊದಲನೇ ದಿನವೇ ಒಬ್ಬ ಹಿರಿಯ ಅಟೆಂಡರು ಕಾಗದವನ್ನು ಮಡಚಿ ವಾಪಸ್ಸು ಕೊಟ್ಟರಂತೆ. “ನೌಕರರು ರಾಜಕೀಯದಲ್ಲಿ ಸೇರಬಾರದು ಅಂತ ರೂಲ್ಸ್ ಐತೆ ಕಣಮ್ಮ. ರಿಟೈರ್ಡ್ ಆಗೋ ಟೈಮಲ್ಲಿ ನಂಗೆ ಸಂಚಕಾರ ತರಬೇಡ.” ಇನ್ನೊಬ್ಬರು, “ಯಾವ ಪಾರ್ಟಿಯಿಂದ ಮಾಡಿಸ್ತಾ ಇರೋದು?” ಎಂದು ಮೆಲ್ಲಗೆ ವಿಚಾರಿಸಿದರಂತೆ.

ಅವಳು ಅಲ್ಲಿಂದಲೇ ನನಗೆ ಫೋನು ಮಾಡಿದಳು. “ದೊಡ್ಡತ್ತೆ, ನೀನು ಕನ್ನಡ ಮೇಷ್ಟ್ರಲ್ವಾ, ಬಂದು ಸರಿ ಮಾಡ್ಕೊಡು.” ದಸರಾ ರಜೆ ಇತ್ತು. ಹೋದೆ.

ಆ ಪ್ರಶ್ನೆಗಳಿಗೂ ಒಂದು ಚರಿತ್ರೆ ಇದೆ. ಅಮೆರಿಕದ ಕ್ಯಾಕ್‌ಮಾರ್ ಮತ್ತು ಫೆರಿಸ್ ಎಂಬ ಇಬ್ಬರು 1991ರಲ್ಲಿ ಇಂಥದೊಂದು ಅಳತೆಗೋಲು ಸಿದ್ಧಮಾಡಿದರು. 1997ರಲ್ಲಿ ಕ್ಯಾಕ್‌ಮಾರ್ ಅವರೇ ಕಾರ್ಲ್‌ಸನ್ ಎಂಬುವರ ಜೊತೆ ಅದನ್ನು ತಿದ್ದಿ ಹದಿನೈದು ಹೇಳಿಕೆಗಳಿಗೆ ತಂದರು. ದೇಶದೇಶಗಳ ಎಂಬಿಎ ಮಕ್ಕಳು ಅದನ್ನೇ ಹಿಡಿದುಕೊಂಡು ಕಚೇರಿ ಕಚೇರಿ ಅಲೆಯುತ್ತಾರೆ. ಅದರ ಒಳಗಿರುವುದು ಮೂರೇ ವಿಚಾರ. ನಿಮ್ಮಲ್ಲಿ ಗುಂಪು ಕಟ್ಟಿಕೊಂಡು ಇನ್ನೊಬ್ಬರನ್ನು ತುಳಿಯುವವರು ಇದ್ದಾರೆಯೇ? ಬಾಯಿ ಮುಚ್ಚಿಕೊಂಡು ಹೂಂಗುಟ್ಟಿದವರೇ ಮುಂದೆ ಬರುತ್ತಾರೆಯೇ? ಸಂಬಳ, ಬಡ್ತಿಗಳು ಬರೆದಿಟ್ಟ ನಿಯಮದಂತೆ ನಡೆಯುತ್ತವೆಯೇ? ಪ್ರತಿಯೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಒಪ್ಪುವುದೇ ಇಲ್ಲ’ ಎಂಬಲ್ಲಿಯವರೆಗೆ ಐದು ಮನೆ. ಒಂದರಲ್ಲಿ ಗುರುತು ಹಾಕಬೇಕು. ಇದರಲ್ಲಿ ನನಗೆ ಹಿಡಿಸಿದ ಅಂಶ ಒಂದಿದೆ. ಆ ಕಾಗದ ಅಳೆಯುವುದು ಕಚೇರಿಯಲ್ಲಿ ಪಾಲಿಟಿಕ್ಸು ಇದೆಯೋ ಇಲ್ಲವೋ ಎಂಬುದನ್ನಲ್ಲ. ಇದೆ ಎಂದು ನಿಮಗೆ ಅನ್ನಿಸುತ್ತದೆಯೇ ಎಂಬುದನ್ನು. ಜನ ನಡೆದುಕೊಳ್ಳುವುದು ತಮಗೆ ಕಂಡದ್ದರ ಮೇಲೆ, ಇರುವುದರ ಮೇಲಲ್ಲ ಎಂಬುದು ಈ ವಿದ್ವಾಂಸರ ವಾದ. ಅತ್ತೆಸೊಸೆಯರ ಸಂಸಾರ ನೋಡಿದ ಯಾವ ಹೆಂಗಸಿಗೂ ಇದನ್ನು ಅಮೆರಿಕದಿಂದ ತರಿಸಿಕೊಡಬೇಕಾಗಿಲ್ಲ ಅನ್ನಿ.

‘ರಾಜಕೀಯ’ವನ್ನು ಹೊಡೆದುಹಾಕಿ ‘ಆಫೀಸಿನ ಒಳಗಿನ ಪಾಲಿಟಿಕ್ಸು’ ಎಂದೇ ಬರೆದೆ. ಕನ್ನಡ ಮೇಷ್ಟ್ರು ಇಂಗ್ಲಿಷ್ ಪದ ಹಾಕಿದರು ಎಂದು ಅಣ್ಣನ ಮಗಳು ನಕ್ಕಳು. ಏನು ಮಾಡುವುದು, ಒಳಸಂಚು ಎಂದರೆ ಕೊಲೆಯ ಹಾಗೆ ಕೇಳಿಸುತ್ತದೆ, ತಂತ್ರ ಎಂದರೆ ಹೊಗಳಿದ ಹಾಗೆ. ಪಾಲಿಟಿಕ್ಸು ಎಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಎಷ್ಟು ಅರ್ಥವಾಯಿತೆಂದರೆ, ಅರ್ಧಕ್ಕರ್ಧ ಜನ ಕಾಗದದ ಮೇಲೆ ಗುರುತು ಹಾಕುವುದನ್ನು ಬಿಟ್ಟು ಬಾಯಲ್ಲಿ ಹೇಳಲು ಶುರುಮಾಡಿದರು.

ವಿಶ್ವವಿದ್ಯಾಲಯ ಎಂದರೆ ನಮ್ಮ ಸೀಮೆಯವರಿಗೆ ಒಂದು ಭಕ್ತಿ. ನಮ್ಮ ಬಸ್ಸು ಹುಣಸೂರು, ಬಿಳಿಕೆರೆ, ಇಲವಾಲ ದಾಟಿ ಮೈಸೂರು ಹೊಕ್ಕಾಗ ಮೊದಲು ಸಿಗುವುದೇ ಮಾನಸಗಂಗೋತ್ರಿಯ ಮರಗಳು, ಕುಕ್ಕರಹಳ್ಳಿ ಕೆರೆಯ ಗಾಳಿ. 1916ರ ಜುಲೈ 27ರಂದು ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ, ಬ್ರಿಟಿಷರ ನೇರ ಆಡಳಿತದ ಹೊರಗೆ ದೇಶದಲ್ಲೇ ಮೊದಲನೆಯದು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. 1956ರಿಂದ 1960ರವರೆಗೆ ಕುವೆಂಪು ಆ ಕುರ್ಚಿಯಲ್ಲಿದ್ದರು. ಗಂಗೋತ್ರಿಗೆ ಹೆಸರಿಟ್ಟವರೂ ಅವರೇ. ಒಬ್ಬ ಹೆಂಗಸು, ಸೆಲ್ವಿ ದಾಸ್, ಅದೇ ಕುರ್ಚಿಗೆ ಬರಲು 1988ರವರೆಗೆ ಕಾಯಬೇಕಾಯಿತು. ನಾನು ಆಗ ಕಾಲೇಜು ಹುಡುಗಿ. ಹಾಸ್ಟೆಲಿನಲ್ಲಿ ನಾವು ಹುಡುಗಿಯರು ಅದನ್ನು ನಮ್ಮ ಮನೆಯ ಸುದ್ದಿಯ ಹಾಗೆ ಮಾತಾಡಿಕೊಂಡದ್ದು ನೆನಪಿದೆ.

ಇಂಥ ಕಡೆ ಕೆಲಸ ಮಾಡುವವರು ಸದಾ ಶೇಕ್ಸ್‌ಪಿಯರ್, ಪಂಪ ಎಂದು ಮಾತಾಡುತ್ತಿರುತ್ತಾರೆ ಎಂದು ಹೊರಗಿನವರು ತಿಳಿದಿರುತ್ತೇವೆ. ಒಳಗಿನ ಏರ್ಪಾಟೇ ಬೇರೆ. ರಾಜ್ಯಪಾಲರು ಕುಲಾಧಿಪತಿ, ಅವರ ಕೆಳಗೆ ಕುಲಪತಿ, ಅವರ ಎಡಬಲದಲ್ಲಿ ಇಬ್ಬರು ಕುಲಸಚಿವರು, ಒಬ್ಬರಿಗೆ ಆಡಳಿತ, ಇನ್ನೊಬ್ಬರಿಗೆ ಪರೀಕ್ಷೆ. ಜೊತೆಗೆ ಹಣಕಾಸು ಅಧಿಕಾರಿ, ಸಿಂಡಿಕೇಟು, ಶಿಕ್ಷಣ ಮಂಡಳಿ. 2000ನೇ ಇಸವಿಯ ಕಾಯ್ದೆಯಂತೆ ಕುಲಪತಿಗಳ ಅವಧಿ ನಾಲ್ಕು ವರ್ಷ. ಸಿಂಡಿಕೇಟಿಗೆ ಸರ್ಕಾರವೂ ತನ್ನ ಕಡೆಯವರನ್ನು ನಾಮಕರಣ ಮಾಡುತ್ತದೆ. ಅಂದರೆ ಗುಮಾಸ್ತೆಯ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ರಾಜ ಬದಲಾಗುತ್ತಾನೆ, ರಾಜ ಬದಲಾದರೆ ಮಂತ್ರಿ ಬದಲಾಗುತ್ತಾನೆ, ಮಂತ್ರಿ ಬದಲಾದರೆ ಯಾವ ಫೈಲು ಯಾವ ಟೇಬಲ್ಲಿಗೆ ಹೋಗಬೇಕೆಂಬುದೂ ಬದಲಾಗುತ್ತದೆ. “ಅಕ್ಕ, ಮೂವತ್ತು ವರ್ಷ ಸರ್ವೀಸ್ ಮಾಡಿದೋರು ನಾವು. ನಾಲ್ಕು ವರ್ಷಕ್ಕೆ ಬಂದೋರು ನಮ್ಮನ್ನ ‘ಯಾರ ಕಡೆಯೋಳು’ ಅಂತ ಕೇಳ್ತಾರೆ,” ಎಂದಳು ತಂಗಿ. ಯಾರ ಕಡೆಯೂ ಅಲ್ಲ ಎಂದರೆ ಯಾರೂ ನಂಬುವುದಿಲ್ಲವಂತೆ. ಹಳಬರ ಕಡೆಯವಳು ಎಂದೇ ಲೆಕ್ಕ.

ಮೂರು ದಿನ ನಾನು ಅಲ್ಲಿ ಮರದ ಕೆಳಗಿನ ಕಟ್ಟೆಯ ಮೇಲೆ, ಕ್ಯಾಂಟೀನಿನಲ್ಲಿ, ರೆಕಾರ್ಡ್ ರೂಮಿನ ಬಾಗಿಲಲ್ಲಿ ಕೂತು ಅಣ್ಣನ ಮಗಳ ಜೊತೆ ಕೇಳಿಸಿಕೊಂಡೆ. ಒಂದೇ ಕಟ್ಟಡ, ಒಂದೇ ಕ್ಯಾಂಟೀನು. ಒಬ್ಬೊಬ್ಬರಿಗೆ ಕಾಣುವ ಪಾಲಿಟಿಕ್ಸು ಒಂದೊಂದು.

ಪ್ರೊಫೆಸರುಗಳದು ನನಗೆ ಅಷ್ಟು ಸ್ವಾರಸ್ಯ ಅನ್ನಿಸಲಿಲ್ಲ. ಅವರ ಮಾತೆಲ್ಲ ಅಂಕಗಳ ಸುತ್ತ. 2010ರಲ್ಲಿ ಯುಜಿಸಿ ಬಡ್ತಿಗೆ ಅಂಕದ ಪಟ್ಟಿ ತಂದಿತು: ಲೇಖನಕ್ಕೆ ಇಷ್ಟು, ಸೆಮಿನಾರಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು. ಆಮೇಲೆ 2018ರಲ್ಲಿ ಅದನ್ನೂ ಬದಲಾಯಿಸಿದರು. ನಮ್ಮ ಎಂಟನೇ ಕ್ಲಾಸಿನ ಮಕ್ಕಳ ಹಾಗೆ ಒಬ್ಬರ ಅಂಕವನ್ನು ಒಬ್ಬರು ಇಣುಕಿ ನೋಡುವುದು ಕಂಡು ನಗು ಬಂತು. ನಿವೃತ್ತರೊಬ್ಬರು ಬಂದು, “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ತಾಯಿ,” ಎಂದು ನಿಟ್ಟುಸಿರು ಬಿಟ್ಟರು. ಎಲ್ಲರಿಗೂ ಒಂದು ‘ನಮ್ಮ ಕಾಲ’ ಇರುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಾರ್ನ್‌ಫರ್ಡ್ ಎಂಬ ಅಧ್ಯಾಪಕರು 1908ರಲ್ಲೇ ವಿಶ್ವವಿದ್ಯಾಲಯದ ಪಾಲಿಟಿಕ್ಸನ್ನು ಗೇಲಿ ಮಾಡಿ ಸಣ್ಣದೊಂದು ಪುಸ್ತಕ ಬರೆದಿದ್ದಾರೆ. ಏನನ್ನೂ ಮಾಡದೇ ಇರಲು ವಿದ್ವಾಂಸರು ಕೊಡುವ ಕಾರಣಗಳನ್ನು ಅದರಲ್ಲಿ ಸಾಲಾಗಿ ಇಟ್ಟಿದ್ದಾರಂತೆ. ನಮ್ಮಲ್ಲಿ ಅದಕ್ಕೆ ಪುಸ್ತಕ ಬೇಡ. ಫೈಲಿನ ಅಂಚಿನಲ್ಲಿ ‘ಚರ್ಚಿಸಿ’ ಎಂಬ ಮೂರೇ ಅಕ್ಷರ ಸಾಕು. ಒಂದು ಚರ್ಚಿಸಿಗೆ ಆರು ತಿಂಗಳ ಆಯುಸ್ಸು.

ಅತಿಥಿ ಉಪನ್ಯಾಸಕಿಯೊಬ್ಬಳು ಸಿಕ್ಕಿದಳು. ಹೆಸರೇ ಅತಿಥಿ, ಹತ್ತು ವರ್ಷದಿಂದ ಅತಿಥಿ. ಅಷ್ಟು ವರ್ಷ ಯಾರ ಮನೆಯಲ್ಲಾದರೂ ಇದ್ದರೆ ಅತಿಥಿಯನ್ನು ಹಿತ್ತಲಿಗೆ ಕಳಿಸಿ ಪಾತ್ರೆ ತೊಳೆಸುತ್ತಾರೆ. ವರ್ಷವರ್ಷವೂ ಅರ್ಜಿ ಹಾಕಬೇಕು, ವರ್ಷವರ್ಷವೂ ಎಷ್ಟು ಗಂಟೆಯ ಪಾಠ ಸಿಗುತ್ತದೋ ಎಂದು ಕಾಯಬೇಕು. ಪಿಎಚ್‌ಡಿ ಆಗಿದೆ, ಇಬ್ಬರು ಮಕ್ಕಳಿದ್ದಾರೆ. ಅವಳು ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. “ಮೇಡಂ, ಬೆಳಿಗ್ಗೆ ನಮಸ್ಕಾರ ಸರ್ ಅಂದಾಗ ಛೇರ್ಮನ್ನರು ತಲೆ ಆಡಿಸಲಿಲ್ಲ ಅಂದ್ರೆ ಅವತ್ತು ರಾತ್ರಿ ನನಗೆ ನಿದ್ದೆ ಇಲ್ಲ. ಅವರಿಗೆ ಹಲ್ಲುನೋವು ಇದ್ದಿರಬಹುದು. ನನಗೆ ಹೇಗೆ ಗೊತ್ತಾಗಬೇಕು?” ಕೆಲಸ ಕಾಯಂ ಇದ್ದವರಿಗೆ ಹಲ್ಲುನೋವು ಹಲ್ಲುನೋವೇ. ಇಲ್ಲದವರಿಗೆ ಅದೂ ಒಂದು ಆದೇಶ. ಐದು ಮನೆಗಳಲ್ಲಿ ಅವಳು ಎಲ್ಲದಕ್ಕೂ ‘ಒಪ್ಪುವುದೇ ಇಲ್ಲ’ ಎಂದು ಗುರುತು ಹಾಕಿದ್ದಳು, ಅಂದರೆ ಇಲ್ಲಿ ಪಾಲಿಟಿಕ್ಸು ಇಲ್ಲವೇ ಇಲ್ಲ ಎಂದು. ಏಕೆ ಎಂದು ಅಣ್ಣನ ಮಗಳು ಕೇಳಲು ಹೋದಳು. ನಾನು ಕಣ್ಣಲ್ಲೇ ಬೇಡ ಎಂದೆ.

ಇನ್ನು ಕಸ ಗುಡಿಸಿ, ಟೀ ತಂದುಕೊಡುವ ಹೆಂಗಸು. ಹೊರಗುತ್ತಿಗೆಯವಳು, ಏಜೆನ್ಸಿಯವರು ಸಂಬಳ ಹಾಕಿದ ದಿನ ಸಂಬಳ. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ತಿಳಿದವಳು ಅವಳೇ. ಯಾರ ಚೇಂಬರಿಗೆ ಇವತ್ತು ಎಷ್ಟು ಟೀ ಹೋಯಿತು, ಬಾಗಿಲು ಮುಚ್ಚಿತ್ತೋ ತೆರೆದಿತ್ತೋ, ಹೊರಬಂದವರು ನಗುತ್ತಿದ್ದರೋ ಬೆವರು ಒರೆಸಿಕೊಳ್ಳುತ್ತಿದ್ದರೋ, ಎಲ್ಲ ಅವಳಿಗೆ ಲೆಕ್ಕ. ಯಾರಿಗೆ ಯಾವ ಸ್ಥಾನ ಬರುತ್ತದೆ ಎಂದು ಆರ್ಡರು ಬರುವ ಮೊದಲೇ ಹೇಳಿಬಿಡುತ್ತಾಳಂತೆ. “ನಿಮಗೆ ಇದರಿಂದ ಬೇಜಾರಾಗಲ್ವಾ?” ಎಂದು ಹುಡುಗಿ ಪುಸ್ತಕದ ಪ್ರಶ್ನೆ ಕೇಳಿದಳು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ನಕ್ಕಳು. “ಪಾಲಿಟಿಕ್ಸ್ ಮಾಡಕ್ಕೂ ಕೂರಕ್ಕೊಂದು ಕುರ್ಚಿ ಬೇಕಲ್ವೇನವ್ವ. ನಾವು ನಿಂತ್ಕಂಡಿರೋರು.”

ಒಳಗಿನ ವಿದ್ಯಮಾನ ತಿಳಿದವರಿಗೆ, ಅದರ ಮೇಲೆ ಒಂದಿಷ್ಟು ಹಿಡಿತ ಇರುವವರಿಗೆ ಪಾಲಿಟಿಕ್ಸಿನ ಬಾಧೆ ಕಡಿಮೆ ಎಂದು ಫೆರಿಸ್ ಮೊದಲಾದವರು 1989ರಲ್ಲೇ ಬರೆದಿದ್ದಾರೆಂದು ಅಣ್ಣನ ಮಗಳು ಆ ಸಂಜೆ ಓದಿ ಹೇಳಿದಳು. ತಿಳಿವಳಿಕೆ ಪೂರ್ತಿ ಇದ್ದು ಹಿಡಿತ ಸೊನ್ನೆಯಾದವಳನ್ನು ಯಾವ ಮನೆಗೆ ಹಾಕುತ್ತೀಯ ಎಂದು ನಾನು ಕೇಳಿದೆ. ಅವಳ ಪೆನ್ನು ನಿಂತಿತು.

ಹೆಂಗಸರ ಪಾಡಿನ ಬಗ್ಗೆ ಆ ಕಾಗದದಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಇರಬೇಕಾಗಿತ್ತು. ತಂಗಿಯ ಸೆಕ್ಷನ್ನಿನ ಹೆಂಗಸರೆಲ್ಲ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದು ಒಂದೇ ವಿಷಯ: ಅವರಿಗೆ ಯಾವುದೂ ಸಮಯಕ್ಕೆ ತಿಳಿಯುವುದಿಲ್ಲ. ಆಫೀಸು ಐದೂವರೆಗೆ ಮುಗಿಯುತ್ತದೆ. ಇನ್ನೊಂದು ಆಫೀಸು ಐದೂವರೆಗೆ ಶುರುವಾಗುತ್ತದೆ. ಗೇಟಿನ ಹೊರಗಿನ ಟೀ ಅಂಗಡಿ, ಯಾರದೋ ಕಾರು, ಯಾರದೋ ಮನೆಯ ಜಗಲಿ, ಸಂಘದ ರೂಮು. ಯಾರನ್ನು ಪರೀಕ್ಷಾ ವಿಭಾಗಕ್ಕೆ ಹಾಕಬೇಕು, ಯಾರನ್ನು ದೂರದ ಕೇಂದ್ರಕ್ಕೆ ಕಳಿಸಬೇಕು ಎಂಬುದು ಅಲ್ಲಿ ಇತ್ಯರ್ಥವಾಗಿ ಬೆಳಿಗ್ಗೆ ಟೈಪಾಗಿ ಬರುತ್ತದೆ. ಹೆಂಗಸರು ಆ ಹೊತ್ತಿಗೆ ಬಸ್‌ಸ್ಟಾಪಿನಲ್ಲಿ ಸೊಪ್ಪಿನ ಕಟ್ಟು ಹಿಡಿದು ನಿಂತಿರುತ್ತಾರೆ. ಉಳಿದುಕೊಂಡರೆ ಏಕೆ ಉಳಿದಳು ಎಂಬ ಮಾತು. ಉಳಿಯದಿದ್ದರೆ ಆಫೀಸಿನ ಮೇಲೆ ಆಸಕ್ತಿಯಿಲ್ಲ ಎಂಬ ಮಾತು. ನಮ್ಮ ಶಾಲೆಗಳಲ್ಲೂ ಇದೇ. ಹೀಗಾಗಿ ಗಂಡಸರಿಗೆ ಮೊದಲೇ ಗೊತ್ತಿದ್ದ ಸಾಧಾರಣ ಸಂಗತಿ ಕೂಡ ನಮಗೆ ಪಿತೂರಿಯ ಹಾಗೆ ಬಂದು ಎರಗುತ್ತದೆ.

‘ನಮ್ಮವರು’ ಎಂಬ ಮಾತನ್ನು ಕೂಡ ಅಲ್ಲಿ ಬಹಳ ಕೇಳಿದೆ. ಅದಕ್ಕೆ ಮೊದಲ ಅರ್ಥ ಜಾತಿಯೇ, ಮುಚ್ಚಿಡುವುದೇಕೆ. ಆಮೇಲೆ ಜಿಲ್ಲೆ, ಆಮೇಲೆ ಒಂದೇ ಗೈಡಿನ ಶಿಷ್ಯರು, ಆಮೇಲೆ ಒಂದೇ ಹಾಸ್ಟೆಲಿನಲ್ಲಿ ಉಂಡವರು. ಒಬ್ಬ ದಲಿತ ಸೂಪರಿಂಟೆಂಡೆಂಟರು ಮಾತ್ರ ಬಹಳ ಶಾಂತವಾಗಿ ಒಂದು ಮಾತು ಹೇಳಿದರು. “ಮೇಡಂ, ರೋಸ್ಟರ್ ಪ್ರಕಾರ ನನಗೆ ಬಡ್ತಿ ಬಂದಾಗ ಎಲ್ಲರೂ ಪಾಲಿಟಿಕ್ಸ್ ಅಂದರು. ರೋಸ್ಟರ್ ಪ್ರಕಾರ ಬರಬೇಕಾದ್ದು ಬರದೇ ಇದ್ದಾಗ ‘ಅಡ್ಮಿನಿಸ್ಟ್ರೇಷನ್’ ಅಂದಿದ್ದರು.” ಅಣ್ಣನ ಮಗಳು ಇದನ್ನು ಬರೆದುಕೊಂಡಳು. ಗೈಡು ಅದನ್ನು ತೆಗೆಸಿದರಂತೆ, ವಿಷಯಾಂತರ ಎಂದು. ನನಗೆ ಇಡೀ ಪ್ರಾಜೆಕ್ಟಿನಲ್ಲಿ ವಿಷಯ ಎಂದರೆ ಅದೇ ಅನ್ನಿಸಿತ್ತು.

ಇಷ್ಟೆಲ್ಲ ನಡುವೆ ನನಗೆ ಸೋಜಿಗವೆನಿಸಿದ್ದು, ಈ ಜನ ದೊಡ್ಡ ರಾಜಕೀಯವನ್ನು ಪಾಲಿಟಿಕ್ಸು ಎಂದು ಕರೆಯುವುದೇ ಇಲ್ಲ ಎಂಬುದು. ಅದನ್ನು ಅವರು ಹಣೆಬರಹ ಎನ್ನುತ್ತಾರೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಸಂಗತಿ ನಿಮಗೆ ನೆನಪಿರಬಹುದು. 1996ರಲ್ಲಿ ಆರಂಭವಾದ ಆ ಸಂಸ್ಥೆಗೆ 2012-13ರ ನಂತರ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಮ್ಮ ತಾಲ್ಲೂಕಿನಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಓದಲು ನೆಚ್ಚಿಕೊಂಡಿದ್ದ ಜಾಗ ಅದು. ಕುಶಾಲನಗರದ ಹತ್ತಿರ ಚಿಕ್ಕಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಕೆಲಸ ಶುರುಮಾಡಿತು. ನಮ್ಮೂರಿನಿಂದ ಮೈಸೂರಿಗಿಂತ ಹತ್ತಿರ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರ ತಾಯಂದಿರು ಸಂತೋಷಪಟ್ಟಿದ್ದರು. ಅದು, ಚಾಮರಾಜನಗರ, ಹಾಸನ, ಮಂಡ್ಯ ಮುಂತಾದವು ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಹಣವಿಲ್ಲ, ಜಾಗವಿಲ್ಲ, ಕಾಯಂ ಅಧ್ಯಾಪಕರಿಲ್ಲ ಎಂಬ ಕಾರಣಗಳು. ತೆರೆಯುವಾಗ ಇವೆಲ್ಲ ಇದ್ದವೇ ಎಂದು ಯಾರಾದರೂ ಕೇಳಬಹುದು. ಅಂಥ ಸುದ್ದಿ ಬಂದ ಬೆಳಿಗ್ಗೆ ಕೂಡ ಕಾರಿಡಾರಿನಲ್ಲಿ ಜಗಳವಾಗುವುದು ಯಾರಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು ಎಂಬುದಕ್ಕೆ. ನಾನು ಇದನ್ನು ಹಂಗಿಸಿ ಹೇಳುತ್ತಿಲ್ಲ. ಬೆಂಗಳೂರಿನ ಕೋಣೆಯಲ್ಲಿ ಆಗುವುದಕ್ಕೆ ಗುಮಾಸ್ತೆಯ ಕೈ ಎಟುಕುವುದಿಲ್ಲ. ಕಿಟಕಿ ಪಕ್ಕದ ಮೇಜಿಗೆ ಎಟುಕುತ್ತದೆ.

ನಮ್ಮ ಊರು ಹೊಗೆಸೊಪ್ಪಿನ ಊರು. ನಮ್ಮತ್ತೆಯ ಮನೆಯಲ್ಲಿ ಬ್ಯಾರನ್ ಇತ್ತು. ಕಂಪಲಾಪುರದ ಹರಾಜು ಕಟ್ಟೆಗೆ ಬೇಲು ಹೋದಾಗ ದರ್ಜೆ ಎಲ್ಲರ ಎದುರೇ ಕಟ್ಟುತ್ತಾರೆ, ಬೆಲೆ ಎಲ್ಲರ ಎದುರೇ ಕೂಗುತ್ತಿದ್ದರು; ಈಗ ಯಂತ್ರದಲ್ಲಿ ಒತ್ತುತ್ತಾರೆ. ಹಾಗಿದ್ದೂ ಬೆಲೆ ಬಿದ್ದ ವರ್ಷ ಕಂಪನಿಯವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎನ್ನದ ರೈತನಿಲ್ಲ. ಆದರೆ ಅವನ ಸಿಟ್ಟಿಗೆ ಒಂದು ಚೀಟಿ ಇರುತ್ತದೆ. ಚೀಟಿಯ ಮೇಲೆ ದರ್ಜೆ, ತೂಕ, ದರ. ಕಿರುಚಾಡುವುದಾದರೂ ಆ ಚೀಟಿ ಹಿಡಿದು ಕಿರುಚಾಡಬಹುದು. ನಮ್ಮ ಶಿಕ್ಷಕರ ವರ್ಗಾವಣೆಯೂ ಹಾಗೇ ಆಯಿತು. ಮೊದಲು ಯಾರು ಯಾರ ಮನೆಗೆ ಹೋದರು ಎಂಬುದೇ ಮಾತು. 2007ರ ಕಾಯ್ದೆ ಬಂದು ಕೌನ್ಸೆಲಿಂಗ್ ಗಟ್ಟಿಯಾಯಿತು. ಪರದೆಯ ಮೇಲೆ ಖಾಲಿ ಜಾಗ ತೋರಿಸಿ, ಹೆಸರು ಕರೆದು, ಆರಿಸಿಕೋ ಎನ್ನುತ್ತಾರೆ. ಅಲ್ಲೂ ಅತ್ತವರುಂಟು, ಬೇಕಾದ ಊರು ಸಿಗದೆ. ಅತ್ತವರು ಪರದೆಯನ್ನು ಬೈದರು. ಪಕ್ಕದ ಮೇಜಿನವಳನ್ನು ಬೈಯುವುದು ಕಡಿಮೆಯಾಯಿತು.

ತಂಗಿಯ ಕಡೆ ಚೀಟಿಯೂ ಇಲ್ಲ, ಪರದೆಯೂ ಇಲ್ಲ. ಅವಳು ಅಣ್ಣನ ಮಗಳ ಕಾಗದದಲ್ಲಿ ಎಲ್ಲ ಪ್ರಶ್ನೆಗೂ ನಡುವಿನ ಮನೆಗೇ ಗುರುತು ಹಾಕಿದ್ದಳು: ಒಪ್ಪುವುದೂ ಇಲ್ಲ, ಒಪ್ಪದೆಯೂ ಇಲ್ಲ. ಮನೆಯಲ್ಲಿ ಗಂಟೆಗಟ್ಟಲೆ ಮಾತಾಡುವವಳು! “ಟಿಕ್ ಹಾಕೋ ರೀತೀಲೇ ಗೊತ್ತಾಗತ್ತೆ ಅಕ್ಕ ಯಾರದು ಅಂತ,” ಎಂದಳು. ಹೆಸರು ಬರೆಯಬೇಕಾಗಿಲ್ಲ ಎಂದು ಹುಡುಗಿ ಎಷ್ಟು ಹೇಳಿದರೂ ಅಷ್ಟೇ. ಇಂಥ ನಡುಮನೆಯ ಗುರುತುಗಳನ್ನು ಕಂಪ್ಯೂಟರು ‘ಸಾಧಾರಣ ಮಟ್ಟದ ಪಾಲಿಟಿಕ್ಸು’ ಎಂದು ಲೆಕ್ಕ ಹಾಕಿತು.

ಅವಳ ಸಂಗತಿ ಇಷ್ಟು. ಅವಳೂ ಇನ್ನೊಬ್ಬಳೂ ಒಂದೇ ಆಯ್ಕೆ ಪಟ್ಟಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿದವರು. ಪಟ್ಟಿಯಲ್ಲಿ ತಂಗಿಯ ಹೆಸರು ಮೇಲಿತ್ತು. ಆದರೆ ಆ ವಾರ ನಮ್ಮ ತಂದೆಯವರ ವೈಕುಂಠ ಸಮಾರಾಧನೆ ಇದ್ದುದರಿಂದ ಅವಳು ನಾಲ್ಕು ದಿನ ತಡವಾಗಿ ಹಾಜರಾದಳು. ಇಷ್ಟು ವರ್ಷವೂ ಜ್ಯೇಷ್ಠತಾ ಪಟ್ಟಿಯಲ್ಲಿ ತಂಗಿ ಮೇಲೆ, ಗೆಳತಿ ಕೆಳಗೆ. ಇಬ್ಬರೂ ಒಂದೇ ಡಬ್ಬಿ ಹಂಚಿಕೊಂಡು ಉಂಡವರು, ಒಬ್ಬರ ಬಾಣಂತನಕ್ಕೆ ಒಬ್ಬರು ಹೋಗಿಬಂದವರು. ಹೋದ ವರ್ಷ ಹೊಸ ತಾತ್ಕಾಲಿಕ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ಹೆಸರುಗಳು ಹಿಂದುಮುಂದಾಗಿದ್ದವು. ಅಧೀಕ್ಷಕರ ಹುದ್ದೆ ಖಾಲಿ ಇರುವುದು ಒಂದೇ. ತಂಗಿಗೆ ಉಳಿದಿರುವುದು ಎರಡು ವರ್ಷ. ಆ ಹುದ್ದೆಯಿಂದ ನಿವೃತ್ತಳಾದರೆ ಪಿಂಚಣಿಯಲ್ಲಿ ವ್ಯತ್ಯಾಸ. ಅದಕ್ಕಿಂತ ಹೆಚ್ಚಾಗಿ, ಬಾಗಿಲ ಮೇಲೆ ಒಂದು ಫಲಕ.

ಗೆಳತಿಯ ಗಂಡನ ಕಡೆಯವರೊಬ್ಬರು ಸಿಬ್ಬಂದಿ ಶಾಖೆಯಲ್ಲಿದ್ದಾರೆ. ತಂಗಿಗೆ ಅಷ್ಟು ಸಾಕಾಯಿತು. ಅದೇ ಶಾಖೆಯ ಒಬ್ಬ ಚಿಕ್ಕ ಹುಡುಗ ಬೇರೆ ಹೇಳಿದ: ಹಳೆಯ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಹಾಜರಾದ ದಿನಾಂಕದ ಮೇಲೆ ಜೋಡಿಸಿದೆವು ಮೇಡಂ, ಅದು ತಾನೇ ತಾನಾಗಿ ಆದದ್ದು, ಯಾರೂ ಮಾಡಿಲ್ಲ. ತಂಗಿ ಕೇಳಿದಳು: “ದಿನಾಂಕದ ಮೇಲೆ ಜೋಡಿಸು ಅಂತ ಕಂಪ್ಯೂಟರಿಗೆ ಹೇಳಿದೋರು ಯಾರು?” ಅವನಿಗೆ ಗೊತ್ತಿರಲಿಲ್ಲ. ಇದು ಪಾಲಿಟಿಕ್ಸೋ ಕಂಪ್ಯೂಟರೋ ಎಂದು ನನಗೂ ಗೊತ್ತಿಲ್ಲ. ಆ ಅಮೆರಿಕದ ಪ್ರಶ್ನೆಪತ್ರಿಕೆಗೂ ಗೊತ್ತಾಗಲಾರದು.

ಆಕ್ಷೇಪಣೆಗೆ ಹದಿನೈದು ದಿನ ಗಡುವು. ಅರ್ಜಿ ಕೊಟ್ಟರೆ ಗೆಳತಿಯ ಬಡ್ತಿ ತಪ್ಪಿಸಿದ ಹಾಗೆ, ಪಾಲಿಟಿಕ್ಸು ಮಾಡಿದಳು ಎನ್ನಿಸಿಕೊಳ್ಳಬೇಕು. ಕೊಡದಿದ್ದರೆ ತನ್ನ ಮೂವತ್ತು ವರ್ಷಕ್ಕೆ ತಾನೇ ಅನ್ಯಾಯ ಮಾಡಿಕೊಂಡ ಹಾಗೆ. ದಿನಾ ರಾತ್ರಿ ಫೋನು. “ಕೊಡು” ಎಂದರೆ ಅಳುತ್ತಿದ್ದಳು, “ಬಿಡು” ಎಂದರೆ ರೇಗುತ್ತಿದ್ದಳು. ಹನ್ನೆರಡನೇ ದಿನ ಬರೆದು ನನಗೆ ಓದಿ ಹೇಳಿದಳು. ‘ದುರುದ್ದೇಶದಿಂದ ನನ್ನ ಹೆಸರನ್ನು ಕೆಳಗಿಳಿಸಲಾಗಿದೆ’ ಎಂದಿತ್ತು. ಆ ಒಂದು ಪದಕ್ಕೆ ನಾವಿಬ್ಬರೂ ಮುಕ್ಕಾಲು ಗಂಟೆ ವಾದ ಮಾಡಿದೆವು. ದುರುದ್ದೇಶ ಎಂದರೆ ಯಾರದು ಎಂದು ತೋರಿಸಬೇಕಾಗುತ್ತದೆ, ತೋರಿಸುತ್ತೀಯಾ ಎಂದೆ. ಕೊನೆಗೆ ಅದನ್ನು ಹೊಡೆದು ‘ಕಣ್ತಪ್ಪಿನಿಂದ’ ಎಂದು ಬರೆದಳು. ಬರೆದಳೇ ಹೊರತು ಅವಳು ಅದನ್ನು ನಂಬಿದಳು ಎಂದು ನನಗೇನೂ ಅನ್ನಿಸಲಿಲ್ಲ.

ಅರ್ಜಿಯನ್ನು ಟಪಾಲು ಶಾಖೆಗೆ ಕೊಡಬೇಕು. ಟಪಾಲು ಶಾಖೆಯಲ್ಲಿರುವವಳು ಆ ಗೆಳತಿಯೇ. ಬೇರೆ ದಾರಿ ಇಲ್ಲ. ಅಲ್ಲಿ ಸೀಲು ಬೀಳದೆ ಯಾವ ಕಾಗದವೂ ಮುಂದೆ ಹೋಗುವುದಿಲ್ಲ. ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳಂತೆ. ಸೀಲು ಹಾಕಿದಳಂತೆ, ರಿಜಿಸ್ಟರಿನಲ್ಲಿ ಏರಿಸಿ ನಂಬರು ಕೊಟ್ಟಳಂತೆ, ಸ್ವೀಕೃತಿಗೆ ಸಹಿ ಮಾಡಿ ನಕಲನ್ನು ವಾಪಸ್ಸು ಕೊಟ್ಟಳಂತೆ.

“ಏನೂ ಅನ್ನಲಿಲ್ವಾ?” ಎಂದು ಕೇಳಿದೆ.

“‘ಕೆಳಗಡೆ ದಿನಾಂಕ ಹಾಕಿಲ್ಲ ನೋಡು’ ಅಂದಳು. ಪೆನ್ನೂ ಅವಳೇ ಕೊಟ್ಟಳು. ಹಾಕಿದೆ.”

ಅಂತಿಮ ಪಟ್ಟಿ ಇನ್ನೂ ಬಂದಿಲ್ಲ. ಫೈಲಿನ ಮೇಲೆ ‘ಚರ್ಚಿಸಿ’ ಎಂದು ಬರೆದಿದ್ದಾರಂತೆ.